ಕಂದೀಲ ಹೂವಿನ ಇನ್ನರ್ಧ

...ಇಲ್ಲ, ಆ ಹೂವಿನ ಕತ್ತು ಹಸಿರು ಇದ್ದಿರಲಿಕ್ಕಿಲ್ಲ. ನೇರಳೆಯೇ ಇರಬೇಕು. ಹಸಿರು ನಾನು ಆಮೇಲೆ ಹಚ್ಚಿದ್ದು. ಅಥವಾ ಹಸಿರು ಮೊದಲಿಂದ ಇದ್ದು, ಅಕ್ಕ "ಕುತ್ತಿಗಿ ನೋಡು, ಬದನಿಕಾಯಿ ಬಣ್ಣ" ಅಂದ ದಿನ ನೇರಳೆ ಬಂದು ಅದರ ಮೇಲೆ ಕೂತಿರಬೇಕು. ನನ್ನ ನೆನಪುಗಳೆಲ್ಲ ಬೇರೆ ಬಟ್ಟೆಯ ಜೊತೆ ನೆನೆಸಿಟ್ಟ ಬಿಳಿ ಅಂಗಿಯ ಹಾಗೆ. ಬಣ್ಣ ಹತ್ತಿದ ಮೇಲೆ ಅದೇ ತಮ್ಮ ಹುಟ್ಟಿನ ಬಣ್ಣ ಎಂದು ಜಗಳಕ್ಕೆ ನಿಲ್ಲುತ್ತವೆ.

ಈ ಜಗಳ ಮತ್ತೆ ಶುರುವಾದದ್ದು ಮೊನ್ನೆ, ತಿಂಗಳುಗಟ್ಟಲೆ ಗೂಟಕ್ಕೆ ತೂಗಿದ್ದ ಅಂಗಿಯನ್ನು ಒಗೆಯಲು ಹಾಕುವ ಮುಂಚೆ ಕಿಸೆ ತಡವಿದಾಗ. ಬೆರಳುದ್ದದ ಒಂದು ಚೀಲ ಸಿಕ್ಕಿತು. ಸೊಳ್ಳೆಪರದೆಯ ತುಂಡನ್ನು ಮಡಚಿ ಹೊಲಿದು, ಬಾಯಿಗೆ ಕೆಂಪು ದಾರ ಪೋಣಿಸಿದ ಚೀಲ. ನಿಮ್ಮ ಕೈಗೆ ಕೊಟ್ಟರೆ ಗೊಂಬೆಯ ಕುಂಚಿಗೆ ಅನ್ನುತ್ತೀರಿ. ಅಲ್ಲ, ಅದು ಒಂದು ಕಾಯಿಗೆ ಹೊಲಿದ ಅಂಗಿ. ಹೊಲಿದವಳು ನನ್ನ ಅಕ್ಕ ನೀಲಮ್ಮ. ಕಾಯಿಗೆ ಅಂಗಿ ಏಕೆ ಬೇಕಾಯಿತು ಎಂದು ಹೇಳಲು ಹೂವಿನಿಂದ ಶುರುಮಾಡಬೇಕು. ಹೂವಿನಿಂದ ಶುರುಮಾಡಿದರೆ ಅವ್ವನ ಹತ್ತಿರ ಹೋಗುತ್ತದೆ. ಹೋಗಲಿ, ನನಗೇನು ಕೆಲಸ. ಯಾದಗಿರಿಯಲ್ಲಿ ಪಿಂಚಣಿ ತಿನ್ನುತ್ತ, ಕೋಟೆಯ ಗುಡ್ಡದ ಕಡೆ ಬೆನ್ನು ಮಾಡಿ ಕೂತವನು ನಾನು.

ಸುರಪುರದ ಬೆಟ್ಟದಲ್ಲಿ, ಬಂಡೆಗಳ ಸಂದಿಯ ಹಿಡಿ ಮಣ್ಣಿನಲ್ಲಿ, ಮುಂಗಾರಿಗೆ ಏಳುವ ದಾರದಂಥ ಬಳ್ಳಿ ಅದು. ಹೂವು ಥೇಟ್ ಕಂದೀಲು. ಕೆಳಗೆ ಎಣ್ಣೆಯ ಬುರುಡೆ, ಮೇಲೆ ಉದ್ದ ಕತ್ತು, ತುದಿಯಲ್ಲಿ ಎಸಳುಗಳೆಲ್ಲ ಕೂಡಿ ಹಿಡಿಕೆ. ಪುಸ್ತಕದಲ್ಲಿರುವ ಹೆಸರು ಅಕ್ಕನಿಗೆ ಗೊತ್ತು, ನನಗೆ ನಾಲಿಗೆ ಹೊರಳುವುದಿಲ್ಲ. ನಮ್ಮ ಮನೆಯಲ್ಲಿ ಅದು ಕಂದೀಲ ಹೂ, ಅದರ ಗಡ್ಡೆ ಕಂದೀಲಗಡ್ಡಿ. ರೊಟ್ಟಿ ಹಿಟ್ಟಿನ ಉಂಡೆಯನ್ನು ಒಂದೇ ಸಲ ತಟ್ಟಿ ಬಿಟ್ಟಂಥ ಚಪ್ಪಟೆ ಗಡ್ಡೆ. ಸಿಪ್ಪೆ ಕೆತ್ತಿ ಹಸಿಯಾಗಿ ಕಚ್ಚಿದರೆ ಮೊದಲು ಎಳೆ ಸೌತೆಕಾಯಿ, ಆಮೇಲೆ ಹಸಿ ಶೇಂಗಾ, ನುಂಗಿದ ಮೇಲೆ ಒಂಚೂರು ಕಹಿ. ಕಹಿ ಮಾತ್ರ ಖಾತ್ರಿ, ಉಳಿದದ್ದು ಹಸಿವಿನ ರುಚಿಯೂ ಇರಬಹುದು.

ಹೂವಿನ ಕತ್ತಿನೊಳಗೆ ಕೆಳಮುಖವಾದ ಕೂದಲಿರುತ್ತವೆ. ಎಳ್ಳಿಗಿಂತ ಸಣ್ಣ ನೊಣ ವಾಸನೆಗೆ ಇಳಿಯುತ್ತದೆ, ಹತ್ತಿ ಬರಲಾಗುವುದಿಲ್ಲ. ಒಂದು ದಿನ ಬುರುಡೆಯಲ್ಲಿ ಸೆರೆ. ಕೂದಲು ಬಾಡಿದ ಮೇಲೆ ಬಿಡುಗಡೆ, ಮೈಗೆ ಪರಾಗದ ಗಂಟು ಕಟ್ಟಿಸಿಕೊಂಡು. ನಾವು ಹೂವನ್ನು ಕಿವಿಗೆ ಹಿಡಿದು ಒಳಗಿನ ನೊಣದ ಗುಂಯ್ ಕೇಳುತ್ತಿದ್ದೆವು. "ಏನೂ ಕೇಳತಿರಲಿಲ್ಲ. ಅಷ್ಟು ಸಣ್ಣದು ಸಪ್ಪಳ ಮಾಡಂಗಿಲ್ಲ" ಅನ್ನುತ್ತಾಳೆ ಅಕ್ಕ. ಅವ್ವ ಅಡುಗೆಮನೆಯ ಕಂದೀಲಿನ ಪಕ್ಕದಲ್ಲಿ ಹೂವು ಹಿಡಿದು ನಮಗೆ ಹೋಲಿಸಿ ತೋರಿಸಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. "ನೀ ಹುಟ್ಟೂ ಮೊದಲ ಮನಿಗೆ ಕರೆಂಟ್ ಬಂದಿತ್ತೋ ತಮ್ಮಾ" ಅನ್ನುತ್ತಾಳೆ. ಹೀಗೆ ನನ್ನ ಬಾಲ್ಯದ ದೀಪಗಳನ್ನು ಅಕ್ಕ ಒಂದೊಂದಾಗಿ ಆರಿಸುತ್ತ ಬಂದಿದ್ದಾಳೆ. ಅವಳು ಶಹಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ತಪ್ಪು ಕಂಡರೆ ತಿದ್ದದೆ ಬಿಡುವವಳಲ್ಲ. ಭಾವ ತೀರಿದ ಮೇಲೆ ರಂಗಂಪೇಟೆಯಲ್ಲಿ ಒಬ್ಬಳೇ ಇದ್ದಾಳೆ.

ಅವಳ ಮಾಳಿಗೆಯ ಮೇಲೆ ಬಾಯಿ ಒಡೆದ ಒಂದು ಹರವಿ ಇದೆ, ನೀರು ತುಂಬಿಡುತ್ತಿದ್ದ ಮಣ್ಣಿನ ಗಡಿಗೆ. ಸುರಪುರದಲ್ಲಿದ್ದ ನಮ್ಮ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಯಂತ್ರ ಬರುವ ಮುಂಚೆ ಅಕ್ಕ ಹಿತ್ತಲು ಕೆದಕಿದಾಗ ಸಿಕ್ಕ ಒಂದೇ ಒಂದು ಗಡ್ಡೆ ಆ ಹರವಿಯಲ್ಲಿದೆ. ಪ್ರತಿ ಶ್ರಾವಣದಲ್ಲಿ ಹೂ ಬಿಡುತ್ತದೆ, ಕಾಯಿ ಹಿಡಿಯುವುದಿಲ್ಲ. ಬೆಟ್ಟದ ಮೇಲೆ ಉಳಿದ ಬಳ್ಳಿಗಳೂ ಅಷ್ಟೇ. ನಾವು ಸಣ್ಣವರಿದ್ದಾಗ ಅಗೆದು ತಿಂದರೂ ಮುಗಿಯದಷ್ಟು ಇದ್ದವು ಅನ್ನುತ್ತೇನೆ ನಾನು, ಅಕ್ಕ ಈ ಒಂದು ಮಾತಿಗೆ ಮಾತ್ರ ಅಡ್ಡ ಬರುವುದಿಲ್ಲ. ಈಗ ಒಂದೇ ಇಳುಕಲಿನಲ್ಲಿ, ಒಂದು ಕೌದಿ ಹಾಸಿದಷ್ಟು ಜಾಗದಲ್ಲಿ ಇವೆ. ಉಳಿದ ಕಡೆ ಕಲ್ಲು ಒಡೆದಿದ್ದಾರೆ, ಇಲ್ಲವೇ ಬೆಂಕಿ ಹಾದುಹೋಗಿದೆ.

ಅಕ್ಕನ ಹಳೆಯ ವಿದ್ಯಾರ್ಥಿನಿ ಸುಜಾತಾ ಈಗ ಇಂಥ ಗಿಡಗಳ ವಂಶ ಓದುವ ಕೆಲಸದಲ್ಲಿದ್ದಾಳೆ. ಅವಳು ಬಂದು ಬೆಟ್ಟದ ಬಳ್ಳಿಗಳ ಎಲೆ ಚಿವುಟಿ, ಹೊಸ ಬೂಟಿನ ಡಬ್ಬಿಯಲ್ಲಿ ಬರುವಂಥ ಹರಳಿನ ಪೊಟ್ಟಣಗಳಲ್ಲಿ ಒಣಗಿಸಿ ಒಯ್ದಳು. ಹೋಗುವಾಗ ಹರವಿಯ ಬಳ್ಳಿಯದೂ ಒಂದು ಎಲೆ ತೆಗೆದುಕೊಂಡಳು. ಕೆಲವು ತಿಂಗಳಾದ ಮೇಲೆ ಫೋನು ಬಂತು. ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಅಕ್ಕ ಫೋನಿನ ದನಿ ದೊಡ್ಡದು ಮಾಡಿದಳು.

"ಮೇಡಂ, ನಿಮ್ಮ ಹರವಿದು ಇನ್ನ ನೋಡಬೇಕ್ರಿ. ಬೆಟ್ಟದ ಮ್ಯಾಲಿನ ಬಳ್ಳಿ ಎಲ್ಲಾ ಒಂದ ಅದಾವ್ರಿ."

"ಒಂದ ಜಾತಿ ಅಂತ ನನಗೂ ಗೊತ್ತದವ್ವಾ. ನಾನ ನಿನಗ ಕಲಿಸೀನಿ."

"ಜಾತಿ ಅಲ್ರಿ ಮೇಡಂ. ಒಂದ ಗಿಡಾನ. ಒಂದ ಗಡ್ಡಿ ಚೂರಾಗಿ, ಆ ಚೂರು ಮತ್ತ ಚೂರಾಗಿ ಬೆಳದಾವ್ರಿ. ನೋಡಾಕ ಸಂತಿ, ಖರೇ ಅಂದ್ರ ಅಲ್ಲಿರೂದು ಒಬ್ಬಾಕೀನ."

ಅಕ್ಕ ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು, "ಅಂದ್ರ ಏನಾತಕ್ಕಾ?" ಅಂದೆ.

"ಒಂದ ಬೆಡಗಿನವರಿಗೆ, ಒಂದ ಕುಲದವರಿಗೆ, ನಮ್ಮಾಗ ಲಗ್ನ ಮಾಡ್ತಾರೇನ? ಎಲ್ಲಾರೂ ಅಣ್ಣತಂಗ್ಯಾರು. ಈ ಬಳ್ಳಿದೂ ಹಂಗ, ತನ್ನ ಪರಾಗ ತನಗ ನಡಿಯಂಗಿಲ್ಲ. ಇವು ಅಣ್ಣತಂಗಿ ಸೈತ ಅಲ್ಲ, ಕನ್ನಡಿ ಮುಂದ ಒಬ್ಬಾಕಿ ನಿಂತಂಗ. ಕಾಯಿ ಎಲ್ಲಿಂದ ಬರಬೇಕು?"

ಬೀಜವಿಲ್ಲದೆ ಚೂರುಚೂರಾಗಿಯೇ ಬದುಕಿದ ಬಳ್ಳಿಗೆ ಒಂದು ರೋಗ ಬಂದರೆ ಎಲ್ಲಕ್ಕೂ ಬರುತ್ತದೆ, ಒಂದು ಕೆಟ್ಟ ಬೇಸಗೆ ಒಂದನ್ನು ಕೊಂದರೆ ಎಲ್ಲವನ್ನೂ ಕೊಲ್ಲುತ್ತದೆ. ಉಳಿಯಬೇಕಾದರೆ ಬೇರೆ ಗುಡ್ಡದ, ಬೇರೆ ರಕ್ತದ ಒಂದು ಬಳ್ಳಿ ಬೇಕು. ಫೋನಿನಲ್ಲಿ ಸುಜಾತಾ ಕೇಳಿದಳು, "ಹರವಿಯಾಗಿನದು ಮೂಲ ಎಲ್ಲಿದ್ರಿ ಮೇಡಂ?"

"ಬೆಟ್ಟದ್ದು" ಅಂದಳು ಅಕ್ಕ. "ಕೊಡೇಕಲ್ ಕಡೀದು" ಅಂದೆ ನಾನು. ಇಬ್ಬರೂ ಒಟ್ಟಿಗೆ ಅಂದೆವು.

ನನ್ನ ಮಾತಿಗೆ ಆಧಾರ ಅವ್ವನ ಉಡಿ. ಅವ್ವನ ತವರು ಕೊಡೇಕಲ್ಲಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೆಲ್ಲ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಬಸ ಹೊಲಿಸುವ ಕಣದ ಜೊತೆ ಐದು ಕಂದೀಲಗಡ್ಡೆ ಹಾಕುತ್ತಿದ್ದರು. ಉಡಿಯಲ್ಲಿ ಬಂದದ್ದನ್ನೆಲ್ಲ ತಿನ್ನಬಾರದು, ಒಂದನ್ನಾದರೂ ಗಂಡನ ಮನೆಯ ಹಿತ್ತಲಿಗೆ ಹಾಕಬೇಕು. ಅವ್ವ ಹಾಕಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಬಳ್ಳಿ, ಅದರ ಹೂವಿನ ಕತ್ತು ಹಸಿರು. ಗೋಡೆಯ ಹತ್ತಿರ ಇನ್ನೊಂದು, ಅಪ್ಪ ಬೆಟ್ಟದಿಂದ ತಂದದ್ದು, ಅದರ ಕತ್ತು ನೇರಳೆ. ನಾನು ಇದನ್ನು ನೋಡಿದ್ದೇನೆ.

"ಹಿತ್ತಲದಾಗ ಒಂದ ಬಳ್ಳಿ ಇತ್ತು. ಅಪ್ಪ ತಂದಿದ್ದು" ಅಂದಳು ಅಕ್ಕ. "ನೀ ಕತಿ ಬರಿಯಾಂವ, ನಿನ್ನ ಹಿತ್ತಲದಾಗ ಎಷ್ಟು ಬೇಕಾರ ಬೆಳಿತಾವ."

ಹೂವಿನ ಬಣ್ಣವನ್ನೇ ಈಗ ನೋಡಬಾರದೇ ಎಂದು ನೀವು ಕೇಳಬಹುದು. ಹರವಿಯ ಹೂವಿನ ಕತ್ತು ಹಸಿರೂ ಅಲ್ಲ, ನೇರಳೆಯೂ ಅಲ್ಲ. ಹಸಿರಿನ ಮೇಲೆ ನೇರಳೆ ಗೆರೆ. ಬಿಸಿಲಿಗೂ ಬಣ್ಣ ಬದಲಾಗುತ್ತದೆ, ಬಣ್ಣವನ್ನು ನಂಬಬೇಡ ಎಂದು ಅಕ್ಕ. ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನ ಮುಖ ಕಾಣುತ್ತದಲ್ಲ, ಅದನ್ನು ಬಸ್ಸಿನಿಂದ ನೋಡುವಾಗಲೆಲ್ಲ ನನಗೆ ಒಂದು ಅಳುಕು. ಒಂದು ತಿರುವಿನಲ್ಲಿ ಹಣೆ, ಮೂಗು, ಗದ್ದ ಎಲ್ಲ ಸರಿಯಾಗಿ ಕೂಡುತ್ತವೆ. ಬಸ್ಸು ಮುಂದೆ ಹೋದರೆ ಬರೇ ಬಂಡೆ. ನನ್ನ ಹಿತ್ತಲಿನ ಎರಡು ಬಳ್ಳಿಗಳು ಯಾವ ತಿರುವಿನಲ್ಲಿ ನಿಂತಾಗ ಕಂಡವೋ.

ಆದರೆ ನನ್ನ ಮಾತು ನಿಜವಾದರೆ ಬೆಟ್ಟದ ಬಳ್ಳಿಗೆ ಸಂಬಂಧ ಸಿಕ್ಕ ಹಾಗೆ. ಅಕ್ಕನ ಮಾತು ನಿಜವಾದರೆ ಆ ಹರವಿಯೂ ಇನ್ನೊಂದು ಕನ್ನಡಿ. ಅಕ್ಕ ತನ್ನ ಮಾತು ಸುಳ್ಳಾಗಲಿ ಎಂದು ಬಯಸಿದ್ದನ್ನು ನಾನು ಮೊದಲ ಸಲ ಕಂಡದ್ದು ಆಗ. "ನಡಿ, ಚಿಗವ್ವನ್ನ ಕೇಳೋಣು" ಅಂದಳು ತಾನೇ. ಚಿಗವ್ವ ಎಂದರೆ ಅವ್ವನ ತಂಗಿ. ಅದೇ ಹಳ್ಳಿಯಲ್ಲಿ ಸೋದರಮಾವನ ಮಗನನ್ನು ಮದುವೆಯಾಗಿ ಅಲ್ಲೇ ಉಳಿದವಳು. ಅಲ್ಲಿನ ಗುಡ್ಡದಲ್ಲಿ ಬಳ್ಳಿ ಇದ್ದರೆ ತರಬಹುದು ಎಂದು ಅಕ್ಕ ಒಂದು ಸಣ್ಣ ಕುರ್ಚಿಗೆಯನ್ನೂ ಚೀಲದಲ್ಲಿ ಇಟ್ಟುಕೊಂಡಳು. ಕಳೆ ಕೀಳುವ ಆ ಕಬ್ಬಿಣಕ್ಕೆ ಹೊಸದಾಗಿ ಸಾಣೆ ಹಿಡಿಸಿದ್ದಳು.

ಬಸ್ಸಿನ ತುಂಬ ಕೊಡೇಕಲ್ಲಿನ ದೇವರಿಗೆ ಹರಕೆ ಹೊತ್ತು ನಡೆದುಕೊಳ್ಳಲು ಹೊರಟವರು. ಕಿಟಕಿಯ ಆಚೆ ಕಾಲುವೆ ನೀರು, ಭತ್ತದ ಗದ್ದೆ, ಬೆನ್ನಿಗೆ ಔಷಧದ ಡಬ್ಬಿ ಕಟ್ಟಿಕೊಂಡು ಬದುವಿನ ಹುಲ್ಲಿಗೆ ಹೊಡೆಯುವವರು. ಹುಲ್ಲು ಸುಟ್ಟ ಹಾಗೆ ಕೆಂಪಾಗಿ ನಿಂತಿತ್ತು. ಅವ್ವ ಈ ದಾರಿಯಲ್ಲಿ ಉಡಿ ಹಿಡಿದುಕೊಂಡು ಬಂದಾಗ ಎರಡೂ ಕಡೆ ಕಲ್ಲು, ಜಾಲಿ, ಸಜ್ಜೆ ಹೊಲ. ಇದು ನೆನಪಲ್ಲ, ನಾನು ಆಗ ಇರಲಿಲ್ಲ. ಆದರೂ ನನಗೆ ಕಾಣುತ್ತದೆ. ಎಷ್ಟು ಧೈರ್ಯ ನೋಡಿ.

ಚಿಗವ್ವ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. "ಯಾರು, ನೀಲಿ ತಮ್ಮನೇನ? ತೆಲಿ ಪೂರಾ ಬೆಳ್ಳಗ ಮಾಡ್ಕೊಂಡೀಯಲ್ಲೋ. ನನ್ನ ನೋಡು, ಇನ್ನ ಕರಿ ಕೂದಲಾ ಹುಡಿಕಿದ್ರ ಸಿಗತಾವ. ಮೊದಲ ಊಟಾ ಮಾಡ್ರಿ, ಆಮ್ಯಾಲ ಕೇಳೂದು ಕೇಳ್ರಿ. ಸುಮ್ಮ ಬರೂ ಮಂದಿ ಅಲ್ಲ ನೀವು."

ಬಿಸಿ ಅನ್ನ, ಬ್ಯಾಳಿ ಸಾರು, ಹಸಿಮೆಣಸಿನಕಾಯಿ. ಉಂಡ ಮೇಲೆ ಅಕ್ಕ ಕೇಳಿದಳು, "ಚಿಗವ್ವಾ, ಅವ್ವನ ಉಡ್ಯಾಗ ಕಂದೀಲಗಡ್ಡಿ ಹಾಕಿದ್ರೇನ?"

"ಹಾಕದ ಏನ್ ಮಾಡ್ತಿದ್ರು? ಎಲ್ಲಾ ಹೆಣಮಕ್ಕಳಿಗೂ ಹಾಕತಿದ್ರು. ಉತ್ತತ್ತಿ ತರಾಕ ನಮ್ಮಪ್ಪನ ಕಡೆ ಎಲ್ಲಿತ್ತು? ಗುಡ್ಡದಾಗ ಪುಕ್ಕಟ ಸಿಗತಿದ್ದು."

ನನಗೆ ಗೆದ್ದ ಖುಷಿಯೂ ಆಯಿತು, ಮುಖಕ್ಕೆ ನೀರು ಬಿದ್ದ ಹಾಗೂ ಆಯಿತು. ಹೆಣ್ಣುಮಕ್ಕಳು ತಲೆತಲಾಂತರದಿಂದ ಗುಡ್ಡದಿಂದ ಗುಡ್ಡಕ್ಕೆ ಬಳ್ಳಿಯ ವಂಶ ಬೆಸೆದರು ಎಂದು ನಾನು ಬಸ್ಸಿನಲ್ಲಿ ಕೂತೇ ಅರ್ಧ ಬರೆದು ಮುಗಿಸಿದ್ದೆ. ಕಾರಣ ನೋಡಿದರೆ ಉತ್ತತ್ತಿ. ಆದರೂ ಉತ್ತತ್ತಿ ಇಲ್ಲದ್ದಕ್ಕೇ ಬೆಸೆದಿರಬಹುದು. ಗಡ್ಡೆಗೆ ನಮ್ಮ ಕಾರಣ ಕಟ್ಟಿಕೊಂಡು ಏನಾಗಬೇಕು?

"ಮತ್ತ ಅವ್ವ ಅದನ್ನ ಹಿತ್ತಲಕ ಹಚ್ಚಿದ್ಲಾ?" ಅಂದೆ.

"ಹಚ್ಚಿರಬೇಕು. ಇಲ್ಲಾ ತಿಂದಿರಬೇಕು. ನೀಲಿ ಹೊಟ್ಟ್ಯಾಗಿದ್ಲು, ಅಕಿಗಿ ಹಾದಿ ತುಂಬ ಹಸಿವು. ನನಗೇನ್ ಗೊತ್ತೋ, ನಿಮ್ಮ ಹಿತ್ತಲಾ ನಾ ಒಮ್ಮ್ಯಾರ ನೋಡೀನೇನ? ಕರದಿದ್ರಲ್ಲಾ ಬರಾಕ!"

"ಇಲ್ಲಿ ಹೂವಿನ ಕುತ್ತಿಗಿ ಯಾವ ಬಣ್ಣ ಇತ್ತು? ಹಸರ ಇತ್ತಾ?"

"ಹೂ ಯಾರ್ ನೋಡತಾರೋ ಹುಚ್ಚಾ? ಗಡ್ಡಿ ನೋಡತಿದ್ವಿ. ಹೂ ತಿನ್ನಾಕ ಬರತದೇನ?"

ಅಕ್ಕ ಚೀಲದೊಳಗೆ ಕೈಹಾಕಿ ಕುರ್ಚಿಗೆ ಮುಟ್ಟಿಕೊಂಡಳು. "ಆ ಗುಡ್ಡ ಎಲ್ಲಿ ಬರತದ ಚಿಗವ್ವಾ? ಒಂದ ಸಲ ಹೋಗಿ ಬರ್ತೀವಿ."

ಚಿಗವ್ವ ನಕ್ಕಳು. ತೊಳೆಯಲು ಇಟ್ಟಿದ್ದ ತಾಟುಗಳ ಕಡೆ ಕೈ ಮಾಡಿದಳು. "ಈಗ ಉಂಡ್ರೆಲ್ಲ, ಅದ ಗುಡ್ಡ. ಬಂಡಿಗಲ್ಲು ಎಲ್ಲಾ ಸಾಫ್ ಮಾಡಿ ಗದ್ದಿ ಮಾಡ್ಯಾರ. ವರ್ಷಕ್ಕ ಎರಡು ಬೆಳಿ. ಹಸಗೊಂಡು ಗಡ್ಡಿ ಅಗಿಯೂ ಕರ್ಮ ಈಗ ಯಾರಿಗದ?"

ಅನ್ನ ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡಿದ್ದೆ. ಸಂಜೆ ಗದ್ದೆಯ ಬದುವಿನ ಮೇಲೆ ಒಂದಿಷ್ಟು ದೂರ ನಡೆದೆವು. ಒಡೆಯಲಾಗದೆ ಬಿಟ್ಟ ಒಂದು ಬಂಡೆ ನೀರಿನ ನಡುವೆ ನಿಂತಿತ್ತು. ಅದರ ಸಂದಿಯಲ್ಲಿ ಅಕ್ಕ ಬೆರಳು ಹಾಕಿ ನೋಡಿದಳು. ಹಾವಸೆ.

ಹೊರಡುವಾಗ ಚಿಗವ್ವ ಒಳಗಿಂದ ಉಡಿಯ ಪಾಕೀಟು ತಂದಳು. ಈಗ ಅಂಗಡಿಯಲ್ಲಿ ಸಿಗುತ್ತದಲ್ಲ, ಅರಿಶಿನ, ಕೊಬ್ಬರಿ, ಕುಬಸದ ಕಣ ಎಲ್ಲ ಸೇರಿಸಿ ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿದ್ದು, ಅದು. ಅಭ್ಯಾಸದ ಮೇಲೆ ಅಕ್ಕನ ಕಡೆ ಚಾಚಿದಳು. ಅಕ್ಕನ ಹಣೆ ನೋಡಿ ಕೈ ಅರ್ಧಕ್ಕೆ ನಿಂತಿತು. ಆಮೇಲೆ ಪಾಕೀಟು ನನ್ನ ಕಡೆ ತಿರುಗಿತು. "ನಿನ್ನ ಹೇಣ್ತಿಗಿ ಒಯ್ಯೋ ಮಗಾ." ಅಕ್ಕ ಸೀರೆಯ ಸೆರಗು ಸರಿಮಾಡಿಕೊಂಡು ಬಸ್ಸಿನ ಕಡೆ ನಡೆದಳು. ದಾರಿಯಲ್ಲಿ ಆ ಪಾಕೀಟನ್ನು ನನ್ನ ತೊಡೆಯಿಂದ ಎತ್ತಿ, ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ಚಿಗಿಯೂದು ಒಂದೂ ಇಲ್ಲ" ಅಂದಳು.

ಮುಂದಿನ ಶ್ರಾವಣದಲ್ಲಿ ಬೆಟ್ಟದ ಬಳ್ಳಿಯೂ ಹರವಿಯ ಬಳ್ಳಿಯೂ ಒಂದೇ ವಾರದಲ್ಲಿ ಹೂಬಿಟ್ಟವು. ನೊಣದ ಕೆಲಸ ನಾವೇ ಮಾಡುವುದು ಎಂದು ಅಕ್ಕ ನಿರ್ಧರಿಸಿದಳು. ಬೆಟ್ಟದಿಂದ ಒಂದು ಹೂವನ್ನು ಒದ್ದೆ ಬಟ್ಟೆಯಲ್ಲಿ ತಂದೆವು. ಪರಾಗದ ಗಂಟು ಒಂದು ಸೂಕ್ಷ್ಮ ಸೀಳಿನಲ್ಲಿ ಇರುತ್ತದೆ. ಸೂಜಿ ಹೋಗುವುದಿಲ್ಲ. ಅಕ್ಕ ತನ್ನ ತಲೆಯಿಂದ ಒಂದು ಕೂದಲು ಕಿತ್ತಳು. "ಬೆಳ್ಳನ ಕೂದಲ ಆಗಬೇಕು, ಬಿರಸ ಇರತದ." ಬುರುಡೆ ಸೀಳಿ, ಆ ಸಂದಿಗೆ ಕೂದಲು ಹಾಕಿ ಮೇಲಕ್ಕೆ ಎಳೆದರೆ ತುದಿಗೆ ಎರಡು ಹಳದಿ ಕಣ ಕಚ್ಚಿಕೊಂಡು ಬಂದವು. ಭೂತಗನ್ನಡಿ ಹಿಡಿದವನು ನಾನು.

"ಕೈ ಯಾಕ ನಡಗಸ್ತಿ? ನಿನ್ನ ಲಗ್ನ ಅಲ್ಲ."

"ನಿನ್ನ ಉಸರ ಬಿಡಬ್ಯಾಡ, ಹಾರಿ ಹೋಗ್ತಾವ."

"ನೀ ಬಾಯಿ ಮುಚ್ಚಿದ್ರ ಸಾಕು."

ಕಣಗಳು ಹರವಿಯ ಹೂವಿನ ಸೀಳಿನೊಳಗೆ ಹೋದವು. ಹೋದವು ಎಂದೇ ಅಂದುಕೊಂಡೆವು. ಕೆಲವು ದಿನದಲ್ಲಿ ಹೂ ಉದುರಿತು, ಅದರ ತೊಟ್ಟು ಉದುರಲಿಲ್ಲ. ಜಿಂಕೆಯ ಕೋಡಿನಂತೆ ಎರಡು ಎಳೆಗಾಯಿ ಮೂಡಿದವು. ಒಂದು ಒಣಗಿತು, ಒಂದು ಬೆಳೆಯಿತು. ಅಕ್ಕ ನನಗೆ ದಿನಾ ಫೋನು ಮಾಡಿ ಅದರ ಉದ್ದ ಹೇಳುತ್ತಿದ್ದಳು, ಬಾಣಂತಿಯ ಮನೆಯವರು ಕೂಸಿನ ತೂಕ ಹೇಳುವ ಹಾಗೆ. ಇದು ಎಕ್ಕೆಯ ಬಳಗದ ಗಿಡ, ಕಾಯಿ ಒಡೆದರೆ ಬೀಜ ರೇಷ್ಮೆ ಬಿಚ್ಚಿಕೊಂಡು ಹಾರಿಹೋಗುತ್ತವೆ. ಅದಕ್ಕೇ ಆ ಸೊಳ್ಳೆಪರದೆಯ ಅಂಗಿ.

ಕಾಯಿ ಒಡೆದ ದಿನ ನನ್ನನ್ನು ಕರೆಸಿಕೊಂಡಳು. ಅಂಗಿಯ ದಾರ ನಾನೇ ಬಿಚ್ಚಿದೆ, ಕಿಸೆಗೆ ಹಾಕಿಕೊಂಡದ್ದು ಆಗಲೇ ಇರಬೇಕು. ಅಕ್ಕ ಮೊರದ ಮೇಲೆ ಬಿಳಿ ಬಟ್ಟೆ ಹಾಸಿ, ರೇಷ್ಮೆ ಬಿಡಿಸಿ, ಒಂದೊಂದು ಬೀಜವನ್ನು ಉಗುರಿನಿಂದ ಒತ್ತಿ ನೋಡಿದಳು. ಜೊಳ್ಳು. ಇನ್ನೊಂದು ಜೊಳ್ಳು. ರಾಶಿಯಲ್ಲಿ ಕಾಳು ತೂರುವಾಗ ಗಾಳಿಗೆ ಹೋಗುತ್ತದಲ್ಲ, ಅದು. ಒಂದೆರಡು ಗಟ್ಟಿ ಅನ್ನಿಸಿದವು. ಹೆಸರು ಕಾಳು ಮೊಳಕೆ ಬರಿಸುವ ಹಾಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ಬೂಷ್ಟು ಬಂತು.

ಸುಜಾತಾಳ ಫೋನು ಬಂದದ್ದು ಆಮೇಲೆ. ಹರವಿಯ ಎಲೆಯ ಫಲಿತಾಂಶ ಸಿಕ್ಕಿತ್ತು.

"ಮೇಡಂ, ನಿಮ್ಮ ಹರವಿದು ಬೆಟ್ಟದ್ದಲ್ರಿ. ಪೂರಾ ಬ್ಯಾರೇದೂ ಅಲ್ರಿ. ಬೆಟ್ಟದ ಬಳ್ಳಿಗೆ ಹುಟ್ಟಿದ ಮಗಳು ಅದು. ಅರ್ಧ ಬೆಟ್ಟದ್ದು."

"ಇನ್ನರ್ಧ?"

"ಅದನ್ನ ಹೇಳಾಕ ಬರಂಗಿಲ್ರಿ. ಹೋಲಿಸಾಕ ಕೊಡೇಕಲ್ ಕಡೀದು ಒಂದು ಎಲಿ ಬೇಕಲ್ರಿ. ಎಲ್ಲಿಂದ ತರೂದು? ಬೆಟ್ಟದ ಮ್ಯಾಲೇ ಮೊದಲ ಬ್ಯಾರೆ ಬಳ್ಳಿ ಇದ್ದು ಸತ್ತಿರಬಹುದು, ಅದರದೂ ಇರಬಹುದ್ರಿ."

ಫೋನು ಇಟ್ಟ ಮೇಲೆ ಅಕ್ಕ ಹರವಿಯ ಕಡೆ ನೋಡುತ್ತ ಅಂದಳು, "ತಾಯಿಗಿ ಮಗಳನ್ನ ಕೊಟ್ಟು ಲಗ್ನ ಮಾಡಿದಂಗಾತು ನೋಡು. ಜೊಳ್ಳಾಗದ ಏನಾಗತದ?" ನಗಲು ಹೇಳಿದ್ದೋ ಏನೋ, ಇಬ್ಬರೂ ನಗಲಿಲ್ಲ. "ಜೊಳ್ಳಾಗಿದ್ದು ಅದಕ್ಕೋ, ನನ್ನ ಕೂದಲು ಸರಿ ಬೀಳಲಿಲ್ಲೋ" ಅಂದಳು. ತನ್ನನ್ನು ತಾನೇ ತಿದ್ದಿಕೊಂಡಿದ್ದಳು.

ನನಗೆ ಒಂದು ಕತೆ ಸಿದ್ಧವಾಗಿ ಸಿಕ್ಕಿದೆ, ನೀವೂ ಈಗಾಗಲೇ ಕಟ್ಟಿಕೊಂಡಿರುತ್ತೀರಿ. ಹಿತ್ತಲಿನಲ್ಲಿ ಅಪ್ಪನ ಬಳ್ಳಿ, ಅವ್ವನ ಬಳ್ಳಿ, ನಡುವೆ ಒಂದು ನೊಣ. ಹರವಿಯಲ್ಲಿರುವುದು ಅವರಿಬ್ಬರ ಮಗಳು, ನಮ್ಮ ಒಡಹುಟ್ಟು. ಅಕ್ಕನದೂ ಸರಿ, ನನ್ನದೂ ಸರಿ. ಇಷ್ಟು ಚೆಂದ ಕೂಡುವುದರಿಂದಲೇ ನನಗೆ ಇದರ ಮೇಲೆ ನಂಬಿಕೆ ಇಲ್ಲ. ಇಂಥದ್ದು ಬಸ್ಸಿನ ಒಂದು ತಿರುವಿನಲ್ಲಿ ಕಾಣುತ್ತದೆ. ಒಗೆಯುವ ಕಲ್ಲು ಈಗ ಡಾಂಬರಿನ ಕೆಳಗಿದೆ.

ಈ ವರ್ಷ ಹರವಿಯ ಬಳ್ಳಿ ಎದ್ದಿತು, ಹೂ ಬಿಡಲಿಲ್ಲ. ಬೆಟ್ಟದ ಇಳುಕಲಿನಲ್ಲಿ ಬೇಸಗೆಯ ಬೆಂಕಿ ಆ ಕೌದಿಯಷ್ಟು ಜಾಗದ ಒಂದು ಅಂಚನ್ನು ಸುಟ್ಟಿದೆ. ಅಕ್ಕ ಸೊಳ್ಳೆಪರದೆಯ ಇನ್ನಷ್ಟು ಅಂಗಿ ಹೊಲಿದಿಟ್ಟಿದ್ದಾಳೆ. ಏಕೆ ಎಂದು ಕೇಳುವ ಧೈರ್ಯ ನನಗಿಲ್ಲ. ಕಿಸೆಯಲ್ಲಿ ಸಿಕ್ಕದ್ದನ್ನು 'ಇಟ್ಟುಕೋ' ಎಂದು ವಾಪಸು ಕೊಡಲು ಹೋದರೆ, "ಹೂವಿನ ಕುತ್ತಿಗಿ ಖರೇ ಹಸರ ಇತ್ತೇನೋ ತಮ್ಮಾ? ಇನ್ನೊಮ್ಮಿ ನೆನಪ ಮಾಡ್ಕೊ" ಅಂದಳು. ನನ್ನ ನೆನಪನ್ನು ಜನ್ಮದಲ್ಲಿ ನಂಬದವಳು.

ಮಾಡಿಕೊಂಡೆ. ಮೊದಲು ಹಸಿರು ಬಂತು, ಆಮೇಲೆ ನೇರಳೆ ಬಂತು. ಅವಳಿಗೆ ಏನು ಬೇಕೋ ಅದು ಬರುತ್ತಿತ್ತು, ಅದಕ್ಕೇ ಕಣ್ಣು ತೆರೆದುಬಿಟ್ಟೆ. ಅವ್ವ ಆ ಗಡ್ಡೆಯನ್ನು ನೆಲಕ್ಕೆ ಹಾಕಿದಳೋ, ಹಸಿವಾಗಿ ದಾರಿಯಲ್ಲೇ ತಿಂದಳೋ, ನನಗೆ ಗೊತ್ತಿಲ್ಲ.